ಪೆರು ಪ್ರವಾಸ: ಕಾಡಿನ ಲಾಡ್ಜ್‌ಗೆ ಪೂರ್ತಿ ಅಂಕ, ಕುಸ್ಕೋದ ಏಜೆನ್ಸಿಗೆ ಅರ್ಧ

ಆಗಸ್ಟ್‌ನಲ್ಲಿ ಅಮ್ಮನ ಜೊತೆ ಪೆರುವಿಗೆ ಹೋಗಿ ಬಂದೆ. ಮೊದಲ ಐದು ದಿನ ಕುಸ್ಕೋ ಮತ್ತು ಇಂಕಾ ಜನರ ಹಳೇ ಬೆಟ್ಟದೂರು ಮಚು ಪಿಚು, ಆಮೇಲೆ ಮೂರು ರಾತ್ರಿ ತಂಬೋಪಾಟಾ ನದಿಯ ದಡದ ಲಾಡ್ಜ್. ಅಮ್ಮನಿಗೆ 63, ಮಂಡಿ ನೋವಿದೆ. ಇದನ್ನು ಬುಕಿಂಗ್ ಮಾಡುವಾಗಲೇ ಏಜೆನ್ಸಿಯವರಿಗೆ ಬರೆದು ತಿಳಿಸಿದ್ದೆ.

ಅವರು ಮಾಡಿದ ಮೊದಲ ತಪ್ಪು, ವಿಮಾನ ಇಳಿದ ದಿನವೇ ಕುಸ್ಕೋದಲ್ಲಿ ಉಳಿಸಿದ್ದು. ಊರು ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದ ಲಿಮಾದಿಂದ ಒಂದೂವರೆ ಗಂಟೆಯಲ್ಲಿ ಅಲ್ಲಿಗೆ ಹೋಗಿ ಇಳಿದರೆ ಯಾರಿಗಾದರೂ ಉಸಿರು ಕಟ್ಟುತ್ತದೆ. ಅಲ್ಲಿಯವರು ಇದಕ್ಕೆ ಸೊರೊಚೆ ಅನ್ನುತ್ತಾರೆ. ಅಮ್ಮ ರಾತ್ರಿಯಿಡೀ ತಲೆ ಹಿಡಿದುಕೊಂಡು ಕೂತಿದ್ದರು. ಹೋಟೆಲಿನ ಹುಡುಗಿ ಕೋಕಾ ಎಲೆಯ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತಳು, ಅದನ್ನು ಮರೆಯಲಾರೆ. ಸುಮಾರು 600 ಮೀಟರ್ ಕೆಳಗಿರುವ ಒಲ್ಯಾಂತಾಯ್‌ತಾಂಬೋದಲ್ಲಿ ಎರಡು ರಾತ್ರಿ ಇಟ್ಟು ಆಮೇಲೆ ಕುಸ್ಕೋಗೆ ಕರೆತಂದಿದ್ದರೆ ಈ ಪಾಡು ಇರುತ್ತಿರಲಿಲ್ಲ. ಮಚು ಪಿಚುವಿನ ರೈಲು ಹತ್ತುವುದೂ ಅಲ್ಲಿಂದಲೇ.

ಎರಡನೇ ತಪ್ಪು ಟಿಕೆಟ್‌ನದು. ಮಚು ಪಿಚುವಿಗೆ ಈಗ ಸರ್ಕ್ಯೂಟ್ ಲೆಕ್ಕದಲ್ಲಿ ಟಿಕೆಟ್, ಅದರಲ್ಲಿರುವ ದಾರಿ ಬಿಟ್ಟು ಬೇರೆ ಕಡೆ ಹೋಗುವಂತಿಲ್ಲ. ನಮಗೆ ಕೇಳದೆ ಸರ್ಕ್ಯೂಟ್ 1 ಕೊಡಿಸಿದ್ದರು. ಅದು ಮೇಲಿನ ಜಗಲಿಗಳ ದಾರಿ. ನೋಟ ಅದ್ಭುತ, ಆದರೆ ಊರೊಳಗೆ ಇಳಿಯಲು ಬಿಡುವುದಿಲ್ಲ. 1450ರ ಸುಮಾರಿಗೆ ಇಂಕಾ ದೊರೆ ಪಚಾಕುಟಿ ಕಟ್ಟಿಸಿದನೆನ್ನುವ ಆ ಬೀದಿಗಳನ್ನು, ಸೂರ್ಯ ದೇಗುಲವನ್ನು ನಾವು ಮೇಲಿನಿಂದ ನೋಡಿದ್ದಷ್ಟೇ. ಮೆಟ್ಟಿಲೂ ಅಲ್ಲೇ ಜಾಸ್ತಿ. ಮಂಡಿ ನೋವಿರುವವರಿಗೆ ಕೆಳಗಿನ ಸರ್ಕ್ಯೂಟ್ 3 ಎಷ್ಟೋ ವಾಸಿ. ಟಿಕೆಟ್ ಮಾಡಿಸುವ ಮೊದಲೇ ಸರ್ಕ್ಯೂಟ್ ಯಾವುದೆಂದು ಕೇಳಿ, ಬರಹದಲ್ಲಿ ಪಡೆಯಿರಿ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಶೌಚಾಲಯ ಗೇಟಿನ ಹೊರಗೆ ಮಾತ್ರ ಇದೆ, ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ.

ಇಂಕಾ ಗೋಡೆಯನ್ನು ಹತ್ತಿರದಿಂದ ನೋಡುವ ಆಸೆ ತೀರಿದ್ದು ಕುಸ್ಕೋದ ಹಳೇ ಇಂಕಾ ದೇಗುಲ ಕೊರಿಕಾಂಚಾದಲ್ಲಿ. ಕಲ್ಲಿಗೆ ಕಲ್ಲು ಕೂತಿರುವ ಸಂದಿಯಲ್ಲಿ ಗಾರೆಯೇ ಇಲ್ಲ, ಗೆರೆ ಎಳೆದ ಹಾಗೆ ಕಾಣುತ್ತದೆ. ಗೋಡೆ ಒಳಕ್ಕೆ ಸ್ವಲ್ಪ ವಾಲಿದೆ. ಸ್ಪ್ಯಾನಿಷರು ಅದರ ಮೇಲೆ ಕ್ರೈಸ್ತ ಮಠ ಕಟ್ಟಿದರು. 1950ರ ಭೂಕಂಪದಲ್ಲಿ ಆ ಕಟ್ಟಡಕ್ಕೆ ಭಾರೀ ಹಾನಿಯಾಯಿತು, ಒಳಗೆ ಮುಚ್ಚಿಹೋಗಿದ್ದ ಇಂಕಾ ಗೋಡೆಗಳು ಗಟ್ಟಿಯಾಗಿ ನಿಂತು ಹೊರಗೆ ಕಂಡವು. ಅಲ್ಲಿ ಒಂದು ಗಂಟೆ ಕೂತೆವು.

ಇನ್ನು ಕಾಡು. ಕುಸ್ಕೋದಿಂದ ಪುಯೆರ್ತೋ ಮಾಲ್ಡೊನಾಡೊಗೆ ವಿಮಾನ ಒಂದು ಗಂಟೆಯೂ ಇಲ್ಲ. ಇಳಿದಾಗ ಬೆಚ್ಚನೆಯ ಗಾಳಿ, ತುಂಬಾ ಆಮ್ಲಜನಕ. ಅಮ್ಮನ ಮುಖಕ್ಕೆ ಕಳೆ ಬಂತು. ಅಲ್ಲಿಂದ ದೋಣಿ. ಲಾಡ್ಜ್‌ನ ಕೋಣೆಗೆ ಕಾಡಿನ ಕಡೆ ಗೋಡೆಯೇ ಇಲ್ಲ; ಸೊಳ್ಳೆಪರದೆ, ಹಾಸಿಗೆ, ಆಚೆ ಮರಗಳು. ಕರೆಂಟು ಸಂಜೆ ಕೆಲವು ಗಂಟೆ ಮಾತ್ರ. ರಬ್ಬರ್ ಬೂಟು ಅವರೇ ಕೊಟ್ಟರು, ಅಮ್ಮನ ಅಳತೆಯದನ್ನು ಹುಡುಕಿ ತಂದರು.

ಎರಡನೇ ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸಿ ದೋಣಿಯಲ್ಲಿ ಕೊಲ್ಪಾಗೆ ಕರೆದೊಯ್ದರು. ಕೊಲ್ಪಾ ಅಂದರೆ ನದಿ ಕೊರೆದ ಕೆಂಪು ಜೇಡಿಮಣ್ಣಿನ ಗೋಡೆ. ಎದುರಿನ ಮರಳ ದಿಣ್ಣೆಯ ಮೇಲೆ ಪುಟ್ಟ ಸ್ಟೂಲು ಹಾಕಿ ಕೂರಿಸಿದರು. ಮೊದಲು ಸಣ್ಣ ಹಸಿರು ಗಿಳಿಗಳು ಬಂದವು, ಮರದ ತುದಿಯಲ್ಲಿ ಕೂತು ಗಲಾಟೆ ಮಾಡಿದವು, ಒಂದೂ ಇಳಿಯಲಿಲ್ಲ. ಆಮೇಲೆ ಮಕಾವ್ ಎನ್ನುವ ದೊಡ್ಡ ಗಿಳಿಗಳು, ಜೋಡಿ ಜೋಡಿಯಾಗಿ, ಕೆಂಪು ಹಸಿರು, ನೀಲಿ ಹಳದಿ. ಒಂದು ಧೈರ್ಯ ಮಾಡಿ ಗೋಡೆಗೆ ಅಂಟಿಕೊಂಡಿತು. ಎರಡು ನಿಮಿಷದಲ್ಲಿ ಗೋಡೆಗೇ ಬಣ್ಣ ಬಂತು. ಮಣ್ಣಿನ ತುಣುಕು ಕಾಲಲ್ಲಿ ಹಿಡಿದು ಬಿಸ್ಕತ್ತಿನ ಹಾಗೆ ಕಡಿಯುತ್ತಿದ್ದವು. ಸಮುದ್ರದಿಂದ ಇಷ್ಟು ದೂರದ ಈ ಕಾಡಿನ ಹಣ್ಣು ಬೀಜಗಳಲ್ಲಿ ಸೋಡಿಯಂ ಬಹಳ ಕಡಿಮೆ, ಅದಕ್ಕೇ ಉಪ್ಪಿನ ಮಣ್ಣು ಹುಡುಕಿ ಬರುತ್ತವೆ ಎಂದು ಗೈಡ್ ಪಿಸುಗುಟ್ಟಿದ. ಒಂದು ಗಿಡುಗದ ನೆರಳು ಹಾದುಹೋಯಿತು; ಇಡೀ ಗುಂಪು ಒಮ್ಮೆಲೇ ಕಿರುಚಿ ಎದ್ದಿತು. ಅಮ್ಮ ನನ್ನ ತೋಳು ಬಿಗಿಯಾಗಿ ಹಿಡಿದಿದ್ದರು.

ಗೈಡ್ ಬಗ್ಗೆ ಹೇಳಲೇಬೇಕು. ಬ್ರೆಜಿಲ್ ನಟ್‌ನ ಕಾಯಿಯನ್ನು ಮಚ್ಚಿನಿಂದ ಬಿಡಿಸಿ ತೋರಿಸಿದ, ಇದನ್ನು ಹಲ್ಲಿನಿಂದ ಒಡೆದು ಬೀಜ ಹೂತಿಡುವುದು ಅಗೂಟಿ ಎನ್ನುವ ಇಲಿ ಜಾತಿಯ ಪ್ರಾಣಿ ಅಂದ. ಅದು ಮರೆತ ಬೀಜವೇ ಮುಂದೆ ಮರ. ಅಮ್ಮನ ನಡಿಗೆಗೆ ತಕ್ಕ ಹಾಗೆ ನಡೆದ, ಒಮ್ಮೆಯೂ ಅವಸರ ಮಾಡಲಿಲ್ಲ.

ಒಂದು ಕೊರತೆ. ಮೂರನೇ ದಿನ ಫ್ರಿಯಾಹೆ ಬಂತು, ದಕ್ಷಿಣದಿಂದ ಬರುವ ಶೀತಗಾಳಿ. ಹಿಂದಿನ ದಿನ ಬೆವರಿದವರು ಅಂದು ನಡುಗಿದೆವು. ದೊಡ್ಡ ಪೆಟ್ಟಿಗೆಗಳನ್ನು ಊರಲ್ಲೇ ಬಿಡಿಸಿದ್ದರು, ಸ್ವೆಟರ್ ಅದರಲ್ಲಿತ್ತು. ಮುಂಚೆಯೇ ಒಂದು ಮಾತು ಹೇಳಬಹುದಿತ್ತು. ಆದರೆ ಕೇಳಿದ ಕೂಡಲೇ ಕಂಬಳಿ ಕೊಟ್ಟರು.

ಕೊನೆಯ ದಿನ ಸಾಂಡೊವಾಲ್ ಸರೋವರ. ಅಲ್ಲಿ ಮೋಟಾರ್ ಇಲ್ಲ, ಹುಟ್ಟು ಹಾಕಿಯೇ ಹೋಗಬೇಕು. ದೈತ್ಯ ನೀರುನಾಯಿಗಳ ಒಂದು ಕುಟುಂಬ ದೋಣಿಯ ಮುಂದೆ ತಲೆಯೆತ್ತಿತು. ಕತ್ತಿನ ಮೇಲಿನ ಬಿಳಿ ಮಚ್ಚೆ ಒಂದೊಂದಕ್ಕೂ ಬೇರೆ, ಅದರಿಂದಲೇ ಗುರುತು ಹಿಡಿಯುತ್ತಾರಂತೆ. ಒಂದು ಮೀನನ್ನು ಎರಡು ಕೈಯಲ್ಲಿ ಹಿಡಿದು ತಲೆಯಿಂದ ತಿನ್ನತೊಡಗಿತು; ಮೂಳೆ ಕಟಕಟ ಅನ್ನುವುದು ನಮಗೆ ಕೇಳಿಸುತ್ತಿತ್ತು. ಗೈಡ್ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ, ಅದು ತಿಂದು ಮುಗಿಸುವ ತನಕ.