ಕೈಗೆಲಸದ ಒತ್ತಡ ಅಳೆಯಲು ಯಾವುದು ವಾಸಿ? ನನ್ನ ಮತ ‘ಕೈ ಚಟುವಟಿಕೆಯ ಮಟ್ಟ’ಕ್ಕೆ

ಹೊರಗಿನ ತಜ್ಞರೊಬ್ಬರಿಗೆ ಹಣ ಕೊಟ್ಟು ಬರೆಸಿದ ವರದಿಯನ್ನು ನಂಬಿ ಮೇಜುಗಳ ಎತ್ತರ ಬದಲಿಸಿದೆವು. ನಾಲ್ಕು ತಿಂಗಳಾದರೂ ಬಾಟಲಿಗಳಿಗೆ ಮುಚ್ಚಳ ಹಾಕುವ ಹೆಂಗಸರ ಮಣಿಕಟ್ಟಿನ ನೋವು ಕಡಿಮೆಯಾಗಲಿಲ್ಲ. ಕೊನೆಗೆ ಸುರಕ್ಷತೆ ನೋಡಿಕೊಳ್ಳುವ ನಾವು ಮೂವರು ಅದೇ ಕೆಲಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಒಬ್ಬರ ಅಂಕ ಇನ್ನೊಬ್ಬರಿಗೆ ತೋರಿಸದೆ ಅಳೆದೆವು. ಅಂದಿನಿಂದ ನಾನು ಮೊದಲು ಕೈಗೆತ್ತಿಕೊಳ್ಳುವುದು ಎಚ್‌ಎಎಲ್, ಅಂದರೆ ಕೈ ಚಟುವಟಿಕೆಯ ಮಟ್ಟಕ್ಕೆ ಅಂಕ ಕೊಡುವ ವಿಧಾನ.

ತಜ್ಞರು ಬಳಸಿದ್ದು 1993ರಲ್ಲಿ ಬಂದ ರೂಲಾ ಎಂಬ ವಿಧಾನ. ತೋಳು, ಕತ್ತು, ಬೆನ್ನಿನ ಭಂಗಿ ನೋಡಲು ಅದು ಒಳ್ಳೆಯದೇ. ನಾವೂ ಅದರಲ್ಲಿ ಅಳೆದು ಮೂವರಿಗೂ 4 ಅಂಕ ಬಂದಾಗ ಇದನ್ನೇ ನಂಬಬಹುದು ಅನ್ನಿಸಿತು. ಆದರೆ ಯಾರಿಗೂ ನೋವಿಲ್ಲದ, ಲೇಬಲ್ ಅಂಟಿಸುವ ಸಾಲಿಗೂ ಬಂದದ್ದು 4. ಚಲನೆ ನಿಮಿಷಕ್ಕೆ ನಾಲ್ಕು ಸಲ ಮೀರಿದರೆ ರೂಲಾ ಒಂದು ಅಂಕ ಸೇರಿಸುತ್ತದೆ. ಐದು ಸಲವಾದರೂ ಐವತ್ತು ಸಲವಾದರೂ ಅದೇ ಒಂದು. ಗೆರೆಗಳು ಅಷ್ಟು ದೂರ ದೂರವಿರುವ ಅಳತೆಪಟ್ಟಿಯಲ್ಲಿ ಮೂವರೂ ಒಪ್ಪುವುದು ಸುಲಭ.

1995ರ ಸ್ಟ್ರೇನ್ ಇಂಡೆಕ್ಸ್ ಎಂಬ ಇನ್ನೊಂದು ವಿಧಾನದ ಮೇಲೆ ನನಗೆ ಬಹಳ ಭರವಸೆಯಿತ್ತು. ಬಲದ ತೀವ್ರತೆ, ಬಲ ಹಾಕುವ ಅವಧಿ, ನಿಮಿಷಕ್ಕೆ ಎಷ್ಟು ಸಲ, ಮಣಿಕಟ್ಟಿನ ಭಂಗಿ, ವೇಗ, ದಿನಕ್ಕೆ ಎಷ್ಟು ಗಂಟೆ ಎಂಬ ಆರಕ್ಕೂ ಕೋಷ್ಟಕದಲ್ಲಿ ಗುಣಕ ನೋಡಿ ಆರನ್ನೂ ಗುಣಿಸಬೇಕು. ಫಲ 3ರ ಒಳಗಿದ್ದರೆ ಸುರಕ್ಷಿತ, 7 ಮುಟ್ಟಿದರೆ ಅಪಾಯ. ಎರಡು ಕೈಗಳಿಗೂ ಬೇರೆ ಬೇರೆ ಲೆಕ್ಕ.

ಸಿಕ್ಕಿಕೊಂಡದ್ದು ‘ಎಷ್ಟು ಸಲ’ ಎಂಬಲ್ಲಿ. ನಿಮಿಷಕ್ಕೆ ಏಳು ಬಾಟಲಿ. ಪ್ರತಿ ಮುಚ್ಚಳಕ್ಕೂ ಬೆರಳು ಮೂರು ಸಲ ಹಿಡಿತ ಬದಲಿಸಿ ತಿರುಗಿಸುತ್ತದೆ. ಒಂದು ಮುಚ್ಚಳವೆಂದರೆ ಒಂದು ಶ್ರಮ ಎಂದು ನಾನು ಏಳು ಎಣಿಸಿದೆ. ಪ್ರತಿ ತಿರುವನ್ನೂ ಲೆಕ್ಕ ಹಿಡಿದ ಸಹೋದ್ಯೋಗಿಗೆ ಇಪ್ಪತ್ತೊಂದಾಯಿತು. ಕೋಷ್ಟಕದಲ್ಲಿ ಏಳಕ್ಕೆ ಗುಣಕ 1, ಇಪ್ಪತ್ತೊಂದಕ್ಕೆ 3. ಉಳಿದ ಐದರಲ್ಲಿ ನಾವಿಬ್ಬರೂ ಒಂದೇ ಅಂಕ ಕೊಟ್ಟಿದ್ದೆವು. ಆದರೂ ನನ್ನ ಉತ್ತರ 6.75, ಅವರದು 20.25. ನನ್ನ ಕಾಗದದ ಪ್ರಕಾರ ಕೆಲಸ 7ರ ಗಡಿಯೊಳಗೆ, ಅವರ ಕಾಗದದ ಪ್ರಕಾರ ಗಡಿಯ ಸುಮಾರು ಮೂರು ಪಟ್ಟು.

ಅದೇ ಚಿತ್ರೀಕರಣವನ್ನು ನಿಧಾನಗತಿಯಲ್ಲಿ ಹಾಕಿಕೊಂಡು ಅರ್ಧ ದಿನ ವಾದಿಸಿದೆವು. ಕಂಡದ್ದರಲ್ಲಿ ವ್ಯತ್ಯಾಸವಿರಲಿಲ್ಲ, ಎಣಿಕೆಯ ನಿಯಮವನ್ನು ಮೊದಲೇ ಬರೆದುಕೊಂಡಿರಲಿಲ್ಲ. ತೀವ್ರತೆಯಲ್ಲೂ ಇಂಥದೇ ಜಿಗಿತವಿದೆ: ‘ಸ್ವಲ್ಪ ಕಷ್ಟ’ಕ್ಕೆ 3, ‘ಕಷ್ಟ’ಕ್ಕೆ 6. ಒಂದು ಮೆಟ್ಟಿಲು ತಪ್ಪಿದರೆ ಫಲ ಇಮ್ಮಡಿ. 2017ರ ಪರಿಷ್ಕೃತ ರೂಪದಲ್ಲಿ ಮೆಟ್ಟಿಲುಗಳ ಬದಲು ಏರುವ ರೇಖೆಗಳಿವೆ. ಪ್ರತಿ ಶ್ರಮದ ಅವಧಿಯನ್ನು ಸೆಕೆಂಡಿನಲ್ಲೇ ಕೇಳುವುದರಿಂದ, ಒಂದನ್ನು ಮೂರಾಗಿ ಒಡೆದರೂ ಪೆಟ್ಟು ಇಷ್ಟು ಜೋರಾಗಿ ಬೀಳುವುದಿಲ್ಲ. ಗಡಿಯ ಹತ್ತಿರದ ಕೆಲಸಗಳಿಗೆ ಈಗ ಅದನ್ನೇ ಬಳಸುತ್ತೇನೆ.

ಐಎಸ್‌ಒ 11228-3 ಎಂಬ ಅಂತರರಾಷ್ಟ್ರೀಯ ಮಾನದಂಡದ ಒಲವು ಓಕ್ರಾ ಎಂಬ ಮತ್ತೊಂದು ವಿಧಾನದ ಕಡೆಗೆ. ವಿಶ್ರಾಂತಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುವುದು ಅದರ ಹೆಚ್ಚುಗಾರಿಕೆ, ಆದರೆ ಅದಕ್ಕೆ ಬೇಕಾದ ತರಬೇತಿಗೆ ನಮ್ಮಲ್ಲಿ ಹಣವಿಲ್ಲ.

ಎಚ್‌ಎಎಲ್‌ನಲ್ಲಿ ಒಂದೊಂದು ತಿರುವನ್ನೂ ಎಣಿಸಬೇಕಾಗಿಲ್ಲ. ಕೈಯ ಒಟ್ಟು ಲಯ ನೋಡಿ, ಬಿಡುವು ಎಷ್ಟಿದೆ ಎಂದು ಗಮನಿಸಿ 0ಯಿಂದ 10ರೊಳಗೆ ಅಂಕ ಕೊಟ್ಟರೆ ಸಾಕು. ಬಲಗೈಗೆ ಮೂವರು ಕೊಟ್ಟದ್ದು 5, 5, 6. ಬಲಕ್ಕೆ ಇನ್ನೊಂದು ಅಂಕ ಬೇಕು. ಅದನ್ನು ನಮ್ಮ ಕಣ್ಣಂದಾಜಿಗಷ್ಟೇ ಬಿಡದೆ ಕೆಲಸ ಮಾಡುವವರನ್ನೇ ಕೇಳೋಣ ಎಂದುಕೊಂಡೆವು.

“ತಿರುಗಿಸುವುದೇನೂ ಕಷ್ಟವಿಲ್ಲ ಮೇಡಂ, ಒದ್ದೆ ಬಾಟಲಿ ಜಾರದಂತೆ ಹಿಡಿದುಕೊಳ್ಳುವುದೇ ಕಷ್ಟ” ಎಂದರು ಒಬ್ಬರು. ನಾವೆಲ್ಲ ಆಡುವ ಬಲಗೈಯನ್ನೇ ನೋಡುತ್ತಿದ್ದೆವು. ನೋವಿದ್ದದ್ದು ಅಲ್ಲಾಡದ ಎಡಗೈಗೆ. ಅದರ ಬಲಕ್ಕೆ ನಾವು ಕೊಟ್ಟಿದ್ದ ಅಂಕ 2, 2, 3. ಕೆಲಸ ಮಾಡುವವರು ಹೇಳಿದ್ದು 5. ಎಡಗೈಯ ಚಟುವಟಿಕೆಯ ಮಟ್ಟ ನಮ್ಮಲ್ಲಿ ಒಬ್ಬರ ಪ್ರಕಾರ 4, ಇಬ್ಬರ ಪ್ರಕಾರ 5. ಈ ವಿಧಾನದ 2018ರ ಮಿತಿಯಂತೆ ಮಟ್ಟ 4ಕ್ಕೆ ಬಲ 3.36 ಮೀರಬಾರದು, 5ಕ್ಕೆ 2.8. ಬಲಕ್ಕೆ ಅವರು ಹೇಳಿದ 5 ಇಟ್ಟರೆ, ಮಟ್ಟಕ್ಕೆ ನಮ್ಮಲ್ಲಿ ಯಾರ ಅಂಕ ಹಿಡಿದರೂ ತೀರ್ಪು ಒಂದೇ ಆಯಿತು: ಮಿತಿ ಮೀರಿದೆ.

ಮಣಿಕಟ್ಟಿನ ಬಾಗು ಎಚ್‌ಎಎಲ್ ಲೆಕ್ಕದಲ್ಲಿ ಬರುವುದಿಲ್ಲ ಎಂಬುದು ನಿಜವಾದ ಕೊರತೆ. ದಿನಕ್ಕೆ ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಒಂದೇ ಕೆಲಸ ಮಾಡುವವರಿಗಾಗಿ ರೂಪಿಸಿದ್ದು, ಆದ್ದರಿಂದ ಗಂಟೆಗೊಮ್ಮೆ ಕೆಲಸ ಬದಲಿಸುವ ಕಡೆ ಹೊಂದುವುದಿಲ್ಲ. ನಮ್ಮ ಸಾಲಿನಲ್ಲಿ ಬದಲಾವಣೆಯಿಲ್ಲ, ನಮ್ಮ ಕೈಯಲ್ಲಿರುವುದು ಮೊಬೈಲು ಮತ್ತು ವಾರಕ್ಕೆ ಅರ್ಧ ದಿನ.

ಬಾಟಲಿಯನ್ನು ಬಿಗಿಯಾಗಿ ಹಿಡಿದಿಡುವ ರಬ್ಬರ್ ಅಚ್ಚುಗಳನ್ನು ಮೇಜಿಗೆ ಕೂರಿಸಿದ್ದೇವೆ. ಮುಂದಿನ ತಿಂಗಳ ಚಿತ್ರೀಕರಣಕ್ಕೆ ಎರಡು ಮೊಬೈಲು ಇಡುತ್ತೇವೆ, ಒಂದು ಪೂರ್ತಿ ಎಡಗೈಗೇ.