ರಾಕು ಭಾಷೆಯ ಗ್ರಾಮರ್: ಓದಿದರೆ ಅರ್ಥವಾಗುವ ಪ್ಯಾಟರ್ನ್‌ಗಳು

2015ರ ಡಿಸೆಂಬರಿನಲ್ಲಿ ಪರ್ಲ್ 6 ಎಂಬ ಹೆಸರಿನಲ್ಲಿ ಹೊರಬಂದು, 2019ರಲ್ಲಿ ರಾಕು ಎಂದು ಹೆಸರು ಬದಲಿಸಿಕೊಂಡ ಪ್ರೋಗ್ರಾಮಿಂಗ್ ಭಾಷೆಯನ್ನು ನಾನು ಬಳಸುವುದು ಮುಖ್ಯವಾಗಿ ಅದರ ಗ್ರಾಮರ್ ಸೌಲಭ್ಯಕ್ಕಾಗಿ. ಕ್ಲಾಸ್ (ಸಂಬಂಧಿತ ಕೋಡನ್ನು ಒಂದೆಡೆ ಕಟ್ಟಿಡುವ ರಚನೆ) ಬರೆಯುವ ರೀತಿಯಲ್ಲೇ ಇಲ್ಲಿ ಪ್ಯಾಟರ್ನ್‌ಗಳ (ಪಠ್ಯದಲ್ಲಿ ಏನನ್ನು ಹುಡುಕಬೇಕೆಂದು ಹೇಳುವ ಅಚ್ಚುಗಳ) ಗುಂಪೊಂದನ್ನು ಬರೆಯಬಹುದು. ಒಂದೊಂದಕ್ಕೂ ಹೆಸರಿರುತ್ತದೆ, ಒಂದು ಇನ್ನೊಂದನ್ನು ಹೆಸರು ಹಿಡಿದು ಕರೆಯುತ್ತದೆ. ದಿನಾಂಕವೆಂದರೆ ದಿನ, ತಿಂಗಳು, ವರ್ಷ ಎಂದು ಬರೆದಿಟ್ಟು, ಆ ಮೂರನ್ನೂ ಕೆಳಗೆ ಬೇರೆಬೇರೆಯಾಗಿ ವಿವರಿಸಿದರೆ, ಓದುವವರು ಚಿಹ್ನೆಗಳನ್ನು ಎಣಿಸುತ್ತ ಕೂರಬೇಕಾಗಿಲ್ಲ.

ಪ್ಯಾಟರ್ನ್‌ನೊಳಗೆ ಸಾಲು ಮುರಿಯಲು, ಪಕ್ಕದಲ್ಲೇ ಕಾಮೆಂಟ್ ಹಾಕಲು ಇಲ್ಲಿ ಯಾರ ಅಪ್ಪಣೆಯೂ ಬೇಡ. ಪೈಥಾನ್‌ನಲ್ಲಿ ಇದಕ್ಕೆ ವರ್ಬೋಸ್ ಫ್ಲ್ಯಾಗ್ ಎಂಬ ಆಯ್ಕೆಯನ್ನು ಹಾಕಬೇಕು, ಹಾಕಿದರೂ ಅದರ ಮೂಲ ರೆಜೆಕ್ಸ್ (ಪ್ಯಾಟರ್ನ್ ಹುಡುಕುವ) ಲೈಬ್ರರಿಯಲ್ಲಿ ಒಂದು ಪ್ಯಾಟರ್ನ್ ಇನ್ನೊಂದನ್ನು ಕರೆಯಲಾರದು. ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರಿಗೆ ಇನ್ನೂ ದೊಡ್ಡ ಲಾಭವಿದೆ: ‘ಕಿ’ ಎಂಬುದನ್ನು ಪೈಥಾನ್ ಎರಡು ಕೋಡ್‌ಪಾಯಿಂಟ್‌ಗಳಾಗಿ (ಯೂನಿಕೋಡ್ ಸಂಖ್ಯೆಗಳಾಗಿ) ಎಣಿಸುವುದರಿಂದ ಅಲ್ಲಿ ‘ಯಾವುದಾದರೂ ಒಂದು ಅಕ್ಷರ’ ಎಂಬರ್ಥದ ಚುಕ್ಕೆಯ ಚಿಹ್ನೆ ವ್ಯಂಜನವನ್ನು ಗುಣಿತದಿಂದ ಕತ್ತರಿಸಿಬಿಡುತ್ತದೆ, ರಾಕು ಅದನ್ನು ನಾವು ಓದುವ ಹಾಗೆಯೇ ಒಂದೇ ಅಕ್ಷರವೆಂದು ಹಿಡಿಯುತ್ತದೆ.

ಕಲಿಯುವಾಗ ಎಡವುವ ಜಾಗ, ಪ್ಯಾಟರ್ನ್ ಬರೆಯುವ ಎರಡು ಬಗೆಗಳಾದ ಟೋಕನ್ ಮತ್ತು ರೂಲ್‌ಗಳ ವ್ಯತ್ಯಾಸ. ‘ರೂ’ ಮತ್ತು ಅಂಕೆಗಳನ್ನು ನಡುವೆ ಜಾಗ ಬಿಟ್ಟು ಟೋಕನ್ ಆಗಿ ಬರೆದರೆ ‘ರೂ 250’ ಹೊಂದುವುದಿಲ್ಲ, ಏಕೆಂದರೆ ಟೋಕನ್‌ನಲ್ಲಿ ಆ ಜಾಗ ಬರಿಯ ಅಲಂಕಾರ. ಅದನ್ನೇ ರೂಲ್ ಎಂದು ಬದಲಿಸಿದ ತಕ್ಷಣ ಜಾಗಕ್ಕೆ ಅರ್ಥ ಬಂದು ಹೊಂದುತ್ತದೆ. ಇವೆರಡೂ ಹಿಂದೆ ಸರಿದು ಮತ್ತೊಮ್ಮೆ ಪ್ರಯತ್ನಿಸುವುದಿಲ್ಲವೆಂಬುದನ್ನೂ ನೆನಪಿಡಬೇಕು: ಮೊದಲ ತುಣುಕು ಎಲ್ಲವನ್ನೂ ನುಂಗಿದರೆ ಮುಂದಿನದಕ್ಕೆ ಏನೂ ಉಳಿಯುವುದಿಲ್ಲ. ನನಗೆ ಈ ಕಟ್ಟುನಿಟ್ಟು ಹಿಡಿಸಿದೆ, ಏಕೆಂದರೆ ನಿಯಮ ಬರೆದದ್ದೇನೋ ಅದನ್ನೇ ಮಾಡುತ್ತದೆ.

ಕೊರತೆಗಳು ಚಿಕ್ಕವಲ್ಲ. ಪಾರ್ಸಿಂಗ್ (ಪಠ್ಯವನ್ನು ನಿಯಮಗಳ ಪ್ರಕಾರ ಬಿಡಿಸುವ ಕೆಲಸ) ಸೋತಾಗ ಎಲ್ಲಿ, ಏಕೆ ಸೋತಿತು ಎಂಬುದನ್ನು ಗ್ರಾಮರ್ ತಾನಾಗಿ ಹೇಳುವುದಿಲ್ಲ. ಗ್ರಾಮರ್ ಟ್ರೇಸರ್ ಎಂಬ ಮಾಡ್ಯೂಲ್ ಸೇರಿಸಿಕೊಂಡರೆ ಪ್ರತಿಯೊಂದು ನಿಯಮ ಗೆದ್ದದ್ದು, ಸೋತದ್ದು ಸಾಲುಸಾಲಾಗಿ ಕಾಣುತ್ತದೆ, ಹಾಗಾಗಿ ಅದನ್ನು ಮೊದಲ ದಿನವೇ ಹಾಕಿಕೊಳ್ಳುವುದು ಲೇಸು. ವೇಗವೂ ಕಡಿಮೆ. ಜಿಬಿಗಟ್ಟಲೆ ಲಾಗ್ ಸೋಸುವವರಿಗೆ ಇದನ್ನು ನಾನು ಶಿಫಾರಸು ಮಾಡಲಾರೆ. ಬೆಲೆಪಟ್ಟಿ, ಕಾನ್ಫಿಗ್ ಫೈಲ್, ನಿಘಂಟಿನ ನಮೂದುಗಳಂಥ, ಗಾತ್ರ ಚಿಕ್ಕದಾದರೂ ರಚನೆ ಗೋಜಲಾದ ಪಠ್ಯವಿದ್ದು, ಬರೆದ ನಿಯಮವನ್ನು ಮುಂದೆ ಇನ್ನೊಬ್ಬರು ತಿದ್ದಬೇಕಾಗಿದ್ದರೆ, ಧೈರ್ಯವಾಗಿ ಆರಿಸಿಕೊಳ್ಳಬಹುದು.