ಫ್ಯಾನ್ ಇಲ್ಲದ ಡಬ್ಬಿ, ದಾಲ್ ಮಿಲ್ ಧೂಳು, ಕಲಬುರಗಿ ಬಿಸಿಲು

ನಮ್ಮ ಕಾಕಾ ಅವರ ದಾಲ್ ಮಿಲ್ ಆಫೀಸಿನಲ್ಲಿದ್ದ ಹಳೆಯ ಟವರ್ ಕಂಪ್ಯೂಟರ್ ಬಿಚ್ಚಿದಾಗಲೆಲ್ಲ ಒಳಗೆ ಒಂದು ಹಿಡಿ ತೊಗರಿ ಹೊಟ್ಟು ಸಿಗುತ್ತಿತ್ತು. ಸುಮ್ನೆ ಹೇಳುತ್ತಿಲ್ಲ. ಡಿಸೆಂಬರಿನಲ್ಲಿ ಹೊಸ ತೊಗರಿ ಬರಲು ಶುರುವಾದರೆ ಮುಗೀತು, ಫ್ಯಾನ್ ಆ ಧೂಳನ್ನೆಲ್ಲ ಒಳಗೆ ಎಳೆದುಕೊಂಡು ಬಿಸಿ ಹೊರಹಾಕುವ ಹೀಟ್ ಸಿಂಕಿಗೆ ಮೆತ್ತುತ್ತದೆ, ನಾನು ಹದಿನೈದು ದಿನಕ್ಕೊಮ್ಮೆ ಪೇಂಟ್ ಬ್ರಷ್ ಹಿಡಿದು ಕೂರಬೇಕು. ಒಂದು ದಿನ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಢಮ್ ಅಂತು. ಆಮೇಲೆ ನಾನು ಹಟ ಹಿಡಿದೆ, ತಂದರೆ ಫ್ಯಾನೇ ಇಲ್ಲದ್ದು ತರೋಣ ಅಂತ.

ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಫ್ಯಾನೇ ಇಲ್ಲಂದ್ರ ಮೇ ತಿಂಗಳದಾಗ ಇದು ಹೆಂಗ ತಡೀತದೋ ತಮ್ಮಾ?"

ಫ್ಯಾನ್ ಇಲ್ಲದ ಇಂಥ ಪುಟ್ಟ ಕಂಪ್ಯೂಟರ್ ಡಬ್ಬಿಗಳನ್ನು ಎಲ್ಲರೂ ಹೊಗಳುವುದು ಸದ್ದಿಲ್ಲ ಅಂತ. ಪಕ್ಕದಲ್ಲೇ ಮಿಲ್ ಓಡುತ್ತಿರುವಾಗ ಕಂಪ್ಯೂಟರ್ ಸದ್ದು ಯಾರಿಗೆ ಕೇಳುತ್ತದೆ? ನಮಗೆ ಬೇಕಿದ್ದದ್ದು ಧೂಳು ಒಳಗೆ ಹೋಗದ ಪೆಟ್ಟಿಗೆ. 2024ರ ಜನವರಿಯಲ್ಲಿ ಇಂಟೆಲ್ ಎನ್100 ಪ್ರೊಸೆಸರ್ ಇರುವ ಅಲ್ಯೂಮಿನಿಯಂ ಡಬ್ಬಿ ತರಿಸಿದೆ. ಮೇಲೆಲ್ಲ ಬಾಚಣಿಗೆ ಹಲ್ಲಿನಂಥ ಫಿನ್ನುಗಳು, ಮೈಯೇ ಹೀಟ್ ಸಿಂಕ್. ಹೆಸರು ಹೇಳಿ ಉಪಯೋಗವಿಲ್ಲ, ಇದೇ ಡಬ್ಬಿ ಹತ್ತು ಹೆಸರಿನಲ್ಲಿ ಮಾರಾಟಕ್ಕಿದೆ. ರ‍್ಯಾಮ್, ಎಸ್‌ಎಸ್‌ಡಿ (ಫೈಲು ಉಳಿಸುವ ಡಿಸ್ಕ್) ಸೇರಿ 18 ಸಾವಿರದ ಹತ್ತಿರ ಆಯಿತು.

ಎನ್100ರಲ್ಲಿ ನಾಲ್ಕು ಕೋರ್, ಇಂಟೆಲ್ ಲೆಕ್ಕದಲ್ಲಿ 6 ವ್ಯಾಟ್. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್, ಜಿಎಸ್‌ಟಿ ಪೋರ್ಟಲ್, ಒಂದು ವಿಡಿಯೋ ಕಾಲ್, ಇಷ್ಟಕ್ಕೆ ಧಾರಾಳ ಸಾಕು. ಮೆಮೊರಿಗೆ ಒಂದೇ ದಾರಿ (ಚಾನೆಲ್), ಹಾಗಾಗಿ ಒಂದೇ ಸ್ಟಿಕ್ ಹಾಕಿ, ಆದರೆ 16 ಜಿಬಿ ಹಾಕಿ. 8ರಲ್ಲಿ ಉಳಿಸುವ ದುಡ್ಡು ಆಮೇಲೆ ಬ್ರೌಸರ್ ತಿನ್ನುತ್ತದೆ.

ಈಗ ಬಿಸಿಲಿನ ಮಾತು. ಡಬ್ಬಿ ಎರಡು ಬೇಸಿಗೆ ಕಂಡಿದೆ. ಆಫೀಸಿನಲ್ಲಿ ಎಸಿ ಇಲ್ಲ, ಹೊರಗೆ 43 ಡಿಗ್ರಿ, ಸೀಲಿಂಗ್ ಫ್ಯಾನ್ ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ. ಮೊದಲ ಮೇ ತಿಂಗಳಲ್ಲಿ, ವಿಂಡೋಸ್ ಬದಲು ಹಾಕಿದ್ದ ಲಿನಕ್ಸ್ ಟರ್ಮಿನಲ್‌ನಲ್ಲಿ ಬಿಸಿ ತೋರಿಸುವ ಸೆನ್ಸರ್ಸ್ ಕಮಾಂಡ್ ಕೊಟ್ಟು ನೋಡಿದರೆ ಸುಮ್ಮನಿದ್ದಾಗಲೇ 64 ಡಿಗ್ರಿ, ವಿಡಿಯೋ ಕಾಲ್‌ನಲ್ಲಿ 88. ಚಿಪ್ 105ರವರೆಗೆ ತಡೆಯುತ್ತದೆ, ಆಮೇಲೆ ತಾನೇ ನಿಧಾನ ಮಾಡಿಕೊಳ್ಳುತ್ತದೆ, ಅಲ್ಲಿಗೆ ಹೋಗಲಿಲ್ಲ. ಆದರೆ ಮೈ ಮೇಲೆ ಕೈ ಇಡಲು ಆಗುತ್ತಿರಲಿಲ್ಲ. ಆಗ ಬಯೋಸ್ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಒಳಗೆ ಹೋಗಿ ನೋಡಿದರೆ, 6 ವ್ಯಾಟ್ ಚಿಪ್ಪಿಗೆ ತಯಾರಕರು ಪಿಎಲ್1 (ಚಿಪ್ ಸತತವಾಗಿ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಅನ್ನು 15 ವ್ಯಾಟ್‌ಗೆ ಏರಿಸಿ ಕೂರಿಸಿದ್ದರು, ಬೆಂಚ್‌ಮಾರ್ಕ್‌ನಲ್ಲಿ ಚೆನ್ನಾಗಿ ಕಾಣಲಿ ಅಂತಲೇ ಇರಬೇಕು. ಅದನ್ನು 10ಕ್ಕೆ ಇಳಿಸಿದೆ. ಕಾಲ್‌ನಲ್ಲಿ 79ಕ್ಕೆ ಬಂತು, ಕೆಲಸದಲ್ಲಿ ವ್ಯತ್ಯಾಸ ನನಗಂತೂ ಗೊತ್ತಾಗಲಿಲ್ಲ. ನಮ್ಮ ಕಡೆ ಇದನ್ನು ತಗೊಳ್ಳುವವರು ಮೊದಲ ದಿನವೇ ಈ ಕೆಲಸ ಮಾಡಿಬಿಡಿ.

ನಿಜವಾದ ತೊಂದರೆ ಪ್ರೊಸೆಸರ್ ಅಲ್ಲ, ಜೊತೆಗೆ ಬಂದ ಎಸ್‌ಎಸ್‌ಡಿ. ಮೇಲೆ ಹೆಸರಿಲ್ಲದ, ವೇಗದ ಜಾತಿಯ ಎನ್‌ವಿಎಂಇ, ಮುಚ್ಚಿದ ಡಬ್ಬಿಯೊಳಗೆ ಗಾಳಿಯಿಲ್ಲದೆ 74ರವರೆಗೆ ಕಾದಿತ್ತು. ಲೆಕ್ಕದ ಫೈಲು ಅದರ ಮೇಲೆ ಇಟ್ಟು ನಿದ್ದೆ ಬರುವುದಿಲ್ಲ ನನಗೆ. ತೆಗೆದು ಎರಡೂವರೆ ಇಂಚಿನ, ಹಳೆಯ ಸಾಟಾ ಮಾದರಿಯ ಎಸ್‌ಎಸ್‌ಡಿ ಹಾಕಿದೆ. ಕಾಗದದ ಮೇಲೆ ನಿಧಾನ, ಆದರೆ 50ರ ಆಚೀಚೆ ಇರುತ್ತದೆ.

ಇಡುವ ಜಾಗವೂ ಮುಖ್ಯ. ಮಾನಿಟರ್ ಹಿಂದೆ ಸ್ಕ್ರೂ ಹಾಕಲು ಪಟ್ಟಿ ಕೊಡುತ್ತಾರೆ, ಹಾಕಬೇಡಿ, ಮಾನಿಟರ್ ಬಿಸಿಯೂ ಸೇರಿಕೊಳ್ಳುತ್ತದೆ. ನಾನು ಒಂದು ತುಂಡು ಶಹಾಬಾದ್ ಕಲ್ಲಿನ ಮೇಲೆ ಬದಿಯೂರಿ ನಿಲ್ಲಿಸಿದ್ದೇನೆ, ಫಿನ್ನುಗಳು ನೆಟ್ಟಗಿದ್ದರೆ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಧೂಳೂ ಕಡಿಮೆ ಕೂರುತ್ತದೆ. ವಾರಕ್ಕೊಮ್ಮೆ ಒಣ ಬಟ್ಟೆ, ಅಷ್ಟೇ. ಎರಡು ವರ್ಷದ ಮೇಲೆ ಮೊನ್ನೆ ಬಿಚ್ಚಿ ನೋಡಿದೆ, ಪೋರ್ಟುಗಳ ಸಂದಿಯಲ್ಲಿ ಒಂದಿಷ್ಟು ಬಿಟ್ಟರೆ ಒಳಗೆ ಹೊಟ್ಟಿನ ಸುಳಿವೇ ಇಲ್ಲ!

ಲಿನಕ್ಸ್ ವಿಷಯಕ್ಕೆ ಬಂದರೆ, ಅದರ ಒಂದು ರೂಪವಾದ ಡೆಬಿಯನ್ 12 ಹಾಕಿದಾಗ ವೈಫೈ ಕಾಣಲೇ ಇಲ್ಲ. ಆ ವೈಫೈ ಚಿಪ್ಪಿನ ಡ್ರೈವರ್ ಬಂದದ್ದು ಲಿನಕ್ಸಿನ ತಿರುಳಾದ ಕರ್ನಲ್ 6.2ರಲ್ಲಿ, ಡೆಬಿಯನ್ 12ರದ್ದು 6.1. ಫೋನ್ ಅನ್ನು ಯುಎಸ್‌ಬಿಗೆ ಸಿಕ್ಕಿಸಿ ಟೆದರಿಂಗ್ ಮಾಡಿ ಬ್ಯಾಕ್‌ಪೋರ್ಟ್ಸ್ ಎಂಬ ಡೆಬಿಯನ್ ಸಂಗ್ರಹದಿಂದ ಹೊಸ ಕರ್ನಲ್ ಇಳಿಸಿಕೊಂಡ ಮೇಲೆ ಸರಿಹೋಯಿತು. ಈ ತಲೆನೋವು ಬೇಡ ಅನ್ನುವವರು ಲಿನಕ್ಸ್ ಮಿಂಟ್ 22 ಹಾಕಿ, ಕರ್ನಲ್ 6.8 ಇದೆ. ಕನ್ನಡ ಟೈಪಿಸಲು ಐಬಸ್ ಜೊತೆ ಎಂ17ಎನ್ ಎಂಬ ತಂತ್ರಾಂಶ ಹಾಕಿದರೆ ನುಡಿಯಲ್ಲಿರುವ ಕಗಪ ಕೀಲಿಮಣೆಯೇ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಕೈ ಪಳಗಿದ ನಮ್ಮ ಗುಮಾಸ್ತರಿಗೆ ಅರ್ಧ ದಿನವೂ ಬೇಕಾಗಲಿಲ್ಲ. ಲೆಕ್ಕಕ್ಕೆ ಟ್ಯಾಲಿ ತಂತ್ರಾಂಶವೇ ಬೇಕು ಅನ್ನುವವರು ಮಾತ್ರ ಈ ಕಡೆ ಬರಬೇಡಿ, ಅದು ವಿಂಡೋಸ್‌ನದ್ದು.

ಇದಕ್ಕಿಂತ ಮೊದಲು ರಾಸ್ಪ್‌ಬೆರಿ ಪೈ 5 ಎಂಬ ಅಂಗೈ ಅಗಲದ ಕಂಪ್ಯೂಟರ್ ಕೂಡ ಯೋಚಿಸಿದ್ದೆ. ಅದು 80 ಡಿಗ್ರಿ ದಾಟಿದರೆ ವೇಗ ಇಳಿಸಲು ಶುರುಮಾಡುತ್ತದೆ, ನಮ್ಮ ಮೇ ತಿಂಗಳಿಗೆ ಅದಕ್ಕೂ ಫ್ಯಾನ್ ಹಾಕಲೇಬೇಕು, ಮತ್ತೆ ಅದೇ ಕಥೆ. ಮನೆಯಲ್ಲಿ, ಧೂಳಿಲ್ಲದ ಕೋಣೆಯಲ್ಲಿ ಇಡುವವರಾದರೆ ನಾನು ಈ ಡಬ್ಬಿಯನ್ನೂ ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಆಫೀಸ್ ಮಿನಿ ಪಿಸಿ ತಗೊಳ್ಳಿ, ಫ್ಯಾನ್ ಇರುತ್ತದೆ, ಆದರೆ ಕಡಿಮೆ ದುಡ್ಡಿಗೆ ಗಟ್ಟಿ ಮಷಿನ್.

ಕರೆಂಟ್ ಬಗ್ಗೆ ಒಂದು ಮಾತು. ಇದು 12 ವೋಲ್ಟ್ ಅಡಾಪ್ಟರ್ ಮೇಲೆ ಓಡುತ್ತದೆ. ರೌಟರಿಗೆ ಹಾಕುವ ಸಣ್ಣ ಡಿಸಿ ಯುಪಿಎಸ್‌ಗೆ ಸಿಕ್ಕಿಸಿ ನೋಡಿದೆ, ಟೈಪ್ ಮಾಡುವಾಗ ಚೆನ್ನಾಗಿ ಓಡಿತು, ಯುಎಸ್‌ಬಿ ಹಾರ್ಡ್ ಡಿಸ್ಕ್ ಹಚ್ಚಿ ಬ್ಯಾಕಪ್ ಶುರುಮಾಡಿದ ತಕ್ಷಣ ಆಫ್. ಈಗ ಇನ್ವರ್ಟರ್ ಮೇಲೇ ಇದೆ. ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗುವ ಸೆಟ್ಟಿಂಗ್ ಬಯೋಸ್‌ನಲ್ಲಿದೆ, ಅದನ್ನೂ ಹಾಕಿಕೊಳ್ಳಿ.

ಕಾಕಾ ಈಗ ಲಾರಿ ತೂಗುವ ವೇಬ್ರಿಜ್ ಕೋಣೆಗೂ ಇಂಥದ್ದೇ ಒಂದು ತಾ ಅನ್ನುತ್ತಿದ್ದಾರೆ. ಡಬ್ಬಿ ಹಿಂದೆ ತೂಕದ ಯಂತ್ರ ಸಿಕ್ಕಿಸಬಹುದಾದ ಎರಡು ಸೀರಿಯಲ್ ಪೋರ್ಟ್ ಇರುವುದು ಅವರ ಕಣ್ಣಿಗೆ ಬಿದ್ದಿದೆ. ತೂಕದ ಸಾಫ್ಟ್‌ವೇರ್ ವಿಂಡೋಸಿನದ್ದು ಅಂತ ನಾನಿನ್ನೂ ಹೇಳಿಲ್ಲ.